ಇಸ್ತ್ರಿ ಪೆಟ್ಟಿಗೆಯ ತಳ ತಿಕ್ಕಿದವರ ಚರಿತ್ರೆ

ರಾಜರ ಚರಿತ್ರೆ ಬರೆಯೋರಿಗೆ ಶಾಸನ ಸಿಗುತ್ತೆ, ನಾಣ್ಯ ಸಿಗುತ್ತೆ. ಚಿತ್ರದುರ್ಗ ಜಿಲ್ಲೆಯವನಾದ ನನಗೆ ಬರೆಯೋಕೆ ಏಳು ಸುತ್ತಿನ ಕೋಟೆಯೇ ಇದೆ. ಅದನ್ನೆಲ್ಲ ಬಿಟ್ಟು ಇಸ್ತ್ರಿ ಪೆಟ್ಟಿಗೆಯ ತಳ ಯಾಕಪ್ಪಾ ಹಿಡ್ಕೊಂಡೆ ಅಂತ ನೀವು ಕೇಳಬಹುದು. ಕಾರಣ ಇದೆ. ವಾಟ್ಸಾಪಿನಲ್ಲಿ ಆಗಾಗ ಒಂದು ಪಟ್ಟಿ ಸುತ್ತುತ್ತಾ ಇರುತ್ತೆ. ತಳ ಕಪ್ಪಾಗಿದ್ರೆ ಬೂದಿಯಲ್ಲಿ ತಿಕ್ಕಿ, ಉಪ್ಪಿನ ಮೇಲೆ ಓಡಿಸಿ, ಮೇಣದಬತ್ತಿ ಸವರಿ, ಟೂತ್‌ಪೇಸ್ಟ್ ಹಚ್ಚಿ, ಜ್ವರದ ಮಾತ್ರೆ ಉಜ್ಜಿ, ಯಾವುದಕ್ಕೂ ಬಗ್ಗದಿದ್ರೆ ಸ್ಯಾಂಡ್ ಪೇಪರ್ ಹಾಕಿ... ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಉಸಿರಿನಲ್ಲಿ. ಆದ್ರೆ ಇವೆಲ್ಲ ಒಂದೇ ಕಾಲದವಲ್ಲ. ಒಂದು ಹಿತ್ತಾಳೆ ಕಾಲದ್ದು, ಒಂದು ಬೀಡುಕಬ್ಬಿಣದ ಕಾಲದ್ದು, ಒಂದು ಟೆರಿಲಿನ್ ಬಂದ ಮೇಲಿನದು. ಕಾಲ ಬಿಟ್ಟು ಕಾಲಕ್ಕೆ ಹಚ್ಚಿದ್ರೆ ಪೆಟ್ಟಿಗೆ ಹಾಳಾಗುತ್ತೆ, ಅದರ ಜೊತೆ ಒಂದು ಬಿಳಿ ಅಂಗಿಯೂ.

ಬಿಳಿ ಅಂಗಿ ಅಂದ ಕೂಡಲೆ ನನಗೆ ಸಿರಿಗೆರೆ ನೆನಪಾಗುತ್ತೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಚಿತ್ರದುರ್ಗ-ದಾವಣಗೆರೆ ನಡುವೆ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಊರು. ತರಳಬಾಳು ಬೃಹನ್ಮಠ ಇರೋದು ಅಲ್ಲೇ. ಹಿರಿಯ ಜಗದ್ಗುರು ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914-1992) ಕಟ್ಟಿ ಬೆಳೆಸಿದ ಶಾಲೆ, ಕಾಲೇಜು, ಹಾಸ್ಟೆಲ್ಲುಗಳಿಂದಾಗಿ ಊರವರ ಬಟ್ಟೆಗಿಂತ ಓದೋ ಮಕ್ಕಳ ಬಟ್ಟೆಯೇ ಜಾಸ್ತಿ ಒಣಗುತ್ತವೇನೋ ಅನ್ನಿಸುವಂಥ ಊರು. ಸುತ್ತಲಿನ ಬಯಲುಸೀಮೆ ಹಳ್ಳಿಗಳಿಂದ ಒಂದು ಟ್ರಂಕು, ಎರಡು ಜೊತೆ ಬಟ್ಟೆ ಹಿಡಿದು ಬಂದ ಹುಡುಗನ ಯೂನಿಫಾರಂ ಮೇಲೆ ಇಸ್ತ್ರಿ ಪೆಟ್ಟಿಗೆಯ ಕಪ್ಪು ಕೂತರೆ, ಅದು ಬರೀ ಕಲೆ ಅಲ್ಲ. ಇನ್ನೊಂದು ಅಂಗಿ ಇಲ್ಲ, ಅಷ್ಟೆ.

ಮೊದಲು ಇಸ್ತ್ರಿಯೇ ಇಲ್ಲದ ಕಾಲಕ್ಕೆ ಹೋಗೋಣ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡುತ್ತಿದ್ದವನು ಮಡಿವಾಳ ಮಾಚಿದೇವ. ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವನು. ವಚನಕಾರ, ಬಸವಣ್ಣನ ಸಮಕಾಲೀನ. ಭಕ್ತರಲ್ಲದವರ ಬಟ್ಟೆ ಮುಟ್ಟುವುದಿಲ್ಲ ಅನ್ನುವ ವ್ರತ ಹಿಡಿದಿದ್ದ ನಿಷ್ಠುರ. ಅವನ ಹೆಸರಿನ ಗುರುಪೀಠ ಇರೋದು ನಮ್ಮ ಚಿತ್ರದುರ್ಗದಲ್ಲೇ. 'ಮಡಿ' ಅನ್ನೋ ಪದ ನೋಡಿ, ಎಷ್ಟು ಚೆನ್ನಾಗಿದೆ! ಒಗೆದು ಶುಭ್ರವಾದ ಬಟ್ಟೆಯೂ ಮಡಿ, ಮಡಿಸಿದ್ದೂ ಮಡಿ. ಕಾಯಿಸಿದ ಲೋಹ ಇಲ್ಲದ ಕಡೆ ಮಡಿಸುವುದೇ ಇಸ್ತ್ರಿ. ನೀರಾರುವ ಮುಂಚೆ ಎಳೆದು, ಅಂಚಿಗೆ ಅಂಚು ಸೇರಿಸಿ ಮಡಿಸಿ, ಮೇಲೆ ಭಾರ ಇಟ್ಟರೆ ಹತ್ತಿಯ ಸುಕ್ಕು ತಕ್ಕಮಟ್ಟಿಗೆ ಹೋಗುತ್ತೆ. ಹಾಸಿಗೆ ಕೆಳಗೆ ಪ್ಯಾಂಟು ಇಟ್ಟು ಮಲಗಿದವರೆಲ್ಲ ಈ ಪರಂಪರೆಯವರೇ :)

ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಚೀನಾದಲ್ಲಿ ಏನು ನಡೀತಿತ್ತು ಅನ್ನೋದಕ್ಕೆ ಒಂದು ಚಿತ್ರ ಉಳಿದಿದೆ. ಸಾಂಗ್ ವಂಶದ ಚಕ್ರವರ್ತಿ ಹುಯಿಜಾಂಗ್ ಬರೆದದ್ದು ಅಂತ ಹೇಳಲಾಗುವ, ಹನ್ನೆರಡನೇ ಶತಮಾನದ ಆರಂಭದ ರೇಷ್ಮೆ ಸುರುಳಿ. ಈಗ ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅರಮನೆಯ ಹೆಂಗಸರು ಹೊಸ ರೇಷ್ಮೆಯನ್ನು ಎರಡೂ ಕಡೆ ಬಿಗಿಯಾಗಿ ಹಿಡಿದು ನಿಂತಿದ್ದಾರೆ, ಒಬ್ಬಾಕೆ ಕೆಂಡ ತುಂಬಿದ ಹಿಡಿ ಬಾಣಲೆಯನ್ನು ಬಟ್ಟೆಯ ಮೇಲೆ ಆಡಿಸುತ್ತಿದ್ದಾಳೆ. ಕೆಂಡ ಒಳಗೆ, ನಯವಾದ ತಳ ಹೊರಗೆ. ಇಸ್ತ್ರಿ ಪೆಟ್ಟಿಗೆಯ ತತ್ವ ಅಷ್ಟೇ ಅಲ್ವಾ?

ಈ ತತ್ವ ನಮ್ಮ ಹಾಸ್ಟೆಲ್ ಹುಡುಗರಿಗೂ ಗೊತ್ತಿತ್ತು, ಯಾವ ಚಕ್ರವರ್ತಿಯ ಚಿತ್ರವನ್ನೂ ನೋಡದೆ. ಚೊಂಬಿನ ಇಸ್ತ್ರಿ! ಹಿತ್ತಾಳೆ ಅಥವಾ ತಾಮ್ರದ ಚೊಂಬಿಗೆ ಒಲೆಯಿಂದ ಕೆಂಡ ತುಂಬಿ, ಕಂಠಕ್ಕೆ ಬಟ್ಟೆ ಸುತ್ತಿ ಹಿಡಿದು, ತಳದಿಂದ ಅಂಗಿ ಉಜ್ಜುವುದು. ಐವತ್ತು-ಅರವತ್ತರ ದಶಕದಲ್ಲಿ ಓದಿದ ಯಾರನ್ನಾದರೂ ಕೇಳಿ ನೋಡಿ, ಮುಖ ಅರಳುತ್ತೆ. ನಮ್ಮ ಕಡೆಯ ಎಷ್ಟೋ ಮನೆಗಳ ಮೊದಲ ಇಸ್ತ್ರಿ ಪೆಟ್ಟಿಗೆ ಅದೇ. ಹಾಗಾಗಿ ತಳ ತಿಕ್ಕುವ ಮೊದಲ ಪಾಠವೂ ಪಾತ್ರೆ ತೊಳೆಯುವವರಿಂದಲೇ ಬಂದದ್ದು: ಹುಣಸೆಹಣ್ಣು, ಬೂದಿ, ತೆಂಗಿನ ನಾರು.

ಇದು ಸುಮ್ಮನೆ ರೂಢಿ ಅಲ್ಲ. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಬಿಸಿಗೆ ತಾಮ್ರದ ಮೇಲೆ ಕಪ್ಪು ಆಕ್ಸೈಡ್ ಕೂರುತ್ತೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತೆ, ಕೆಳಗಿನ ಲೋಹಕ್ಕೆ ಅಷ್ಟಾಗಿ ಕೈ ಹಾಕಲ್ಲ. ಸೌದೆ ಬೂದಿಯಲ್ಲಿ ಪೊಟ್ಯಾಶಿಯಂ ಕಾರ್ಬೊನೇಟ್ ಇದೆ, ಅದು ಕ್ಷಾರ, ಜಿಡ್ಡು ತೆಗೆಯುತ್ತೆ. ಜೊತೆಗೆ ನುಣುಪಾದ ಪುಡಿಯಾಗಿ ಉಜ್ಜೋಕೂ ಆಗುತ್ತೆ. ಆಮ್ಲ ಒಂದು ಕೆಲಸಕ್ಕೆ, ಕ್ಷಾರ ಇನ್ನೊಂದಕ್ಕೆ. ಇಂಜಿನಿಯರಿಂಗಿನ ಮೊದಲ ವರ್ಷ ಕೆಮಿಸ್ಟ್ರಿ ಓದಿದ್ದೇನೆ, ಆದ್ರೆ ಇಷ್ಟು ಸರಳವಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ನಿಜವಾದ ಇದ್ದಿಲು ಪೆಟ್ಟಿಗೆ. 'ಇಸ್ತ್ರಿ' ಪದ ಪೋರ್ಚುಗೀಸರ 'ಎಸ್ತಿರಾರ್', ಅಂದ್ರೆ ಎಳೆದು ಚಾಚು ಅನ್ನೋ ಪದದಿಂದ ಬಂತು ಅಂತ ಒಂದು ವಾದ ಇದೆ. ಹಳ್ಳಿಗಳಲ್ಲಿ ಈ ಪೆಟ್ಟಿಗೆ ಎಲ್ಲರ ಮನೆಯ ವಸ್ತು ಆಗಿರಲಿಲ್ಲ. ಮಡಿವಾಳರ ಮನೆಯಲ್ಲಿ ಇರುತ್ತಿತ್ತು, ಟೈಲರ್ ಅಂಗಡಿಯಲ್ಲಿ ಇರುತ್ತಿತ್ತು, ಸ್ಥಿತಿವಂತರ ಮನೆಯಲ್ಲಿ ಒಂದೊಂದು. ಐದಾರು ಕೆಜಿ ತೂಕ, ಮರದ ಹಿಡಿ, ಮುಚ್ಚಳ ತೆರೆಯೋಕೆ ಮುಂದೆ ಒಂದು ಕೊಕ್ಕೆ (ಕೆಲವದಕ್ಕೆ ಹುಂಜದ ಆಕಾರದ್ದು), ಪಕ್ಕದಲ್ಲಿ ಗಾಳಿಗೆ ತೂತು. ಊರಿನ ಬಟ್ಟೆ ಒಗೆದವರಿಗೆ ಸುಗ್ಗಿಯಲ್ಲಿ ಆಯ ಅಂತ ಕಾಳು ಕೊಡುತ್ತಿದ್ದ ಕಾಲ. ಮದುವೆ, ಜಾತ್ರೆ, ತರಳಬಾಳು ಹುಣ್ಣಿಮೆ ಅಂದ್ರೆ ಪಂಚೆ, ರುಮಾಲು, ಜುಬ್ಬ ಎಲ್ಲ ಗರಿಗರಿ ಇರಬೇಕು. ಗರಿಗರಿ ಆಗಬೇಕಾದ್ರೆ ಗಂಜಿ ಹಾಕಬೇಕು.

ಈ ಗಂಜಿ ಇದೆಯಲ್ಲ, ತಳ ಕಪ್ಪಾಗುವ ಕತೆಯ ಮೊದಲ ಖಳನಾಯಕ ಇದೇ. ಅನ್ನ ಬಸಿದ ಗಂಜಿಯೋ, ಸಬ್ಬಕ್ಕಿ ಗಂಜಿಯೋ, ಮೈದಾ ಅಂಬಲಿಯೋ, ಎಲ್ಲವೂ ಪಿಷ್ಟ. ಬಿಸಿ ತಾಗಿದಾಗ ಪಿಷ್ಟ ಮುರಿದು ಡೆಕ್ಸ್‌ಟ್ರಿನ್ ಆಗುತ್ತೆ. ಲಕೋಟೆಯ ಅಂಚಿಗೆ ಹಚ್ಚುವ ಗೋಂದು ಇದೆಯಲ್ಲ, ಅದೂ ಡೆಕ್ಸ್‌ಟ್ರಿನ್ನೇ! ಅಂದ್ರೆ ಇಸ್ತ್ರಿ ಮಾಡುವವನು ಗೊತ್ತಿಲ್ಲದೆಯೇ ಕಾದ ತಳದ ಮೇಲೆ ಗೋಂದು ತಯಾರು ಮಾಡ್ತಾ ಇದ್ದ. ಗೋಂದಿಗೆ ಬಟ್ಟೆಯ ನಾರು, ಪೆಟ್ಟಿಗೆಯ ತೂತಿಂದ ಹಾರಿದ ಬೂದಿ, ಧೂಳು ಎಲ್ಲ ಹತ್ತಿಕೊಳ್ಳುತ್ತೆ. ಮತ್ತೆ ಮತ್ತೆ ಕಾದು ಕರಕಲಾಗುತ್ತೆ. ಆಮೇಲೆ ಮುಂದಿನ ಬಿಳಿ ಬಟ್ಟೆಯ ಮೇಲೆ ಇಳಿಯುತ್ತೆ.

ಆದ್ರೆ ಡೆಕ್ಸ್‌ಟ್ರಿನ್ ನೀರಿಗೆ ಕರಗುವ ವಸ್ತು. ಕರಕಲಾಗುವ ಮೊದಲೇ ಹಿಡಿದರೆ ಒದ್ದೆ ಬಟ್ಟೆ ಸಾಕು. ದಾರಿ ಬದಿ ಇಸ್ತ್ರಿ ಗಾಡಿಯವರನ್ನು ಗಮನಿಸಿ ನೋಡಿ, ಪಕ್ಕದಲ್ಲಿ ಒಂದು ಒದ್ದೆ ಗೋಣಿ ಅಥವಾ ದಪ್ಪ ಬಟ್ಟೆಯ ಮಡಿಕೆ ಇರುತ್ತೆ. ಕೆಂಡ ಕೆದಕಿದ ಮೇಲೆ, ಹೊಸ ಬಟ್ಟೆ ಎತ್ತಿಕೊಳ್ಳುವ ಮುಂಚೆ, ಪೆಟ್ಟಿಗೆಯನ್ನು ಅದರ ಮೇಲೆ ಒಮ್ಮೆ 'ಚುಂಯ್' ಅನ್ನಿಸುತ್ತಾರೆ. ಶಾಖ ನೋಡೋದು, ತಳ ಒರೆಸೋದು, ಎರಡೂ ಒಂದೇ ಏಟಿಗೆ. ಅವರ ಪೆಟ್ಟಿಗೆಯ ತಳ ಕನ್ನಡಿ ಹಾಗಿರೋದರ ಗುಟ್ಟು ಇಷ್ಟೇ. ಅವರು ತಳವನ್ನು ಯಾವತ್ತೂ 'ಕ್ಲೀನ್ ಮಾಡಲ್ಲ', ಕೊಳೆ ಆಗೋಕೇ ಬಿಡಲ್ಲ. ಈ ಜ್ಞಾನವನ್ನು ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ. ಜಾತಿಯ ಕಸುಬು, ಅದರಲ್ಲೇನಿದೆ ಬರೆಯೋಕೆ ಅಂದುಕೊಂಡರು. ಮುಂದೆ ಪೆಟ್ಟಿಗೆ ಎಲ್ಲರ ಮನೆಗೂ ಬಂತು, ಈ ಒದ್ದೆ ಬಟ್ಟೆ ಮಾತ್ರ ಅದರ ಜೊತೆ ಬರಲಿಲ್ಲ. ನನ್ನ ಪ್ರಕಾರ ಇಡೀ ಕತೆಯ ಮುಖ್ಯ ತಿರುವು ಇದು.

ಬೇರೆ ದೇಶದವರೂ ಇದೇ ಕಷ್ಟ ಪಟ್ಟಿದ್ದಾರೆ. ಯುರೋಪು, ಅಮೆರಿಕದಲ್ಲಿ ಒಲೆಯ ಮೇಲೆ ಕಾಯಿಸುವ ಗಟ್ಟಿ ಬೀಡುಕಬ್ಬಿಣದ ಪೆಟ್ಟಿಗೆ ಇತ್ತು. 1871ರಲ್ಲಿ ಅಮೆರಿಕದ ಐಯೊವಾ ರಾಜ್ಯದ ಮೇರಿ ಫ್ಲಾರೆನ್ಸ್ ಪಾಟ್ಸ್ ಅನ್ನುವ ಗೃಹಿಣಿ ಬಿಚ್ಚಿ ಹಾಕಬಹುದಾದ ಮರದ ಹಿಡಿಗೆ ಪೇಟೆಂಟ್ ಪಡೆದಳು. ಒಲೆ ಮೇಲೆ ಇಟ್ಟಿದ್ದಕ್ಕೆ ಮಸಿ ಹಿಡಿಯೋದು, ಕಬ್ಬಿಣಕ್ಕೆ ತುಕ್ಕು ಹಿಡಿಯೋದು. ಅವರು ಕಾಗದದ ಮೇಲೆ ಉಪ್ಪು ಚೆಲ್ಲಿ ಅದರ ಮೇಲೆ ಓಡಿಸುತ್ತಿದ್ದರು, ಜೇನುಮೇಣವನ್ನು ಬಟ್ಟೆಯಲ್ಲಿ ಸುತ್ತಿ ಸವರುತ್ತಿದ್ದರು. ಫಿಲಿಪ್ಪೀನ್ಸಿನಲ್ಲಿ ಮೇಣದ ಬದಲು ಬಾಳೆ ಎಲೆ! ಎಲೆಯ ಮೇಲಿರುವ ಸಹಜ ಮೇಣವೇ ತಳವನ್ನು ನುಣುಪಾಗಿಸುತ್ತೆ. ಉಪ್ಪಿನ ಆಯ್ಕೆ ನನಗೆ ತುಂಬಾ ಹಿಡಿಸಿತು. ಗಡಸುತನದ ಮೋಸ್ ಅಳತೆಯಲ್ಲಿ ಅಡುಗೆ ಉಪ್ಪು ಸುಮಾರು 2ರಿಂದ 2.5, ಹಿತ್ತಾಳೆ 3, ಕಬ್ಬಿಣ ಇನ್ನೂ ಮೇಲೆ. ಕರಕಲಾದ ಗಂಜಿಯನ್ನು ಕೆರೆಯುವಷ್ಟು ಗಟ್ಟಿ, ಲೋಹವನ್ನು ಗೀರದಷ್ಟು ಮೆದು. ನಮ್ಮಲ್ಲಿ ಕೆಲವರು ಹಾಕುತ್ತಿದ್ದ ಇಟ್ಟಿಗೆ ಪುಡಿಯಲ್ಲಿ ಮರಳಿನ ಅಂಶ ಇರುತ್ತೆ, ಅದು 7. ಹೊಳಪು ಬರುತ್ತೆ ನಿಜ, ಜೊತೆಗೆ ಸಾವಿರ ಗೀರೂ ಬರುತ್ತೆ. ಗೀರಿನೊಳಗೆ ಮುಂದಿನ ಸಲದ ಗಂಜಿ ಗಟ್ಟಿಯಾಗಿ ಕೂರುತ್ತೆ.

ಕರೆಂಟಿನ ಇಸ್ತ್ರಿಗೆ ಮೊದಲ ಪೇಟೆಂಟ್ ನ್ಯೂಯಾರ್ಕಿನ ಹೆನ್ರಿ ಸೀಲಿಯದ್ದು, 1882. ಆದ್ರೆ ಮನೆಗಳಲ್ಲಿ ಹಗಲು ಕರೆಂಟೇ ಇರುತ್ತಿರಲಿಲ್ಲ. ರಾತ್ರಿ ದೀಪಕ್ಕೆ ಮಾತ್ರ ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದ ಒಂಟಾರಿಯೊ ಅನ್ನೋ ಊರಿನಲ್ಲಿ ಮೀಟರ್ ಓದುತ್ತಿದ್ದ ಅರ್ಲ್ ರಿಚರ್ಡ್‌ಸನ್ 1903ರ ಸುಮಾರಿಗೆ ತಾನೇ ಇಸ್ತ್ರಿ ಪೆಟ್ಟಿಗೆ ಮಾಡಿ ಗಿರಾಕಿಗಳಿಗೆ ಹಂಚಿದ. ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ ಅನ್ನೋದು ಅಲ್ಲಿಯ ಪದ್ಧತಿ. ಹಾಗಾಗಿ ಮಂಗಳವಾರ ಹಗಲೂ ಕರೆಂಟ್ ಬಿಡಿ ಅಂತ ಕಂಪನಿಯನ್ನು ಒಪ್ಪಿಸಿದ. ಇಸ್ತ್ರಿಗೋಸ್ಕರ ಹಗಲು ಕರೆಂಟ್!

ನಮ್ಮ ಮೈಸೂರು ಸೀಮೆ ಇದರಲ್ಲಿ ಹಿಂದೆ ಇರಲಿಲ್ಲ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟ್ ಬಂತು. ಜೋಗದ ವಿದ್ಯುದಾಗಾರ 1948ರಲ್ಲಿ. ಆದ್ರೆ ಬಯಲುಸೀಮೆಯ ಹಳ್ಳಿಗೆ ಕಂಬ ಬಂದು, ಕಂಬದಿಂದ ಮನೆಗೆ ತಂತಿ ಬಂದು, ಆ ತಂತಿ ಇಸ್ತ್ರಿ ಪೆಟ್ಟಿಗೆ ತಡೆಯುವಷ್ಟಾಗೋಕೆ ಇನ್ನೂ ಎಷ್ಟೋ ದಶಕ ಬೇಕಾಯ್ತು. ಭಾಗ್ಯಜ್ಯೋತಿಯಲ್ಲಿ ಬಡವರ ಮನೆಗೆ ಬಂದದ್ದು ಒಂದೇ ಬಲ್ಬಿನ ಸಂಪರ್ಕ. ಇಸ್ತ್ರಿ ಪೆಟ್ಟಿಗೆ 750 ವ್ಯಾಟ್ ಎಳೆಯುತ್ತೆ, 1000ವೂ ಎಳೆಯುತ್ತೆ. ನಲವತ್ತು ವ್ಯಾಟಿನ ಇಪ್ಪತ್ತು-ಇಪ್ಪತ್ತೈದು ಬಲ್ಬು ಒಟ್ಟಿಗೆ ಹಚ್ಚಿದ ಹಾಗೆ. ಅದಕ್ಕೇ ಕರೆಂಟ್ ಬಂದ ಮೇಲೂ ಹಳ್ಳಿಯಲ್ಲಿ ಕೆಂಡದ ಪೆಟ್ಟಿಗೆ ಅಟ್ಟ ಸೇರಲಿಲ್ಲ.

ಆ ಕಾಲದ ಕರೆಂಟ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ಕಾಗೆಬಂಗಾರದ ಹಾಳೆಗೆ ಸುತ್ತಿದ ನೈಕ್ರೋಮ್ ತಂತಿ ಸಿಗುತ್ತೆ. ಈ ಮಿಶ್ರಲೋಹಕ್ಕೆ 1906ರಲ್ಲಿ ಆಲ್ಬರ್ಟ್ ಮಾರ್ಷ್ ಪೇಟೆಂಟ್ ಪಡೆದ. ಇವತ್ತಿಗೂ ನಮ್ಮ ಟೋಸ್ಟರು, ಗೀಸರಿನವರೆಗೆ ಅವನದೇ ಋಣ. ತಳ ಕಬ್ಬಿಣ, ಅದರ ಮೇಲೆ ಕ್ರೋಮಿನ ಲೇಪ. ಕ್ರೋಮ್ ಗಟ್ಟಿ, ತುಕ್ಕು ಹಿಡಿಯಲ್ಲ, ಫಳಫಳ ಹೊಳೆಯುತ್ತೆ. ಆದ್ರೆ ಲೇಪ ಕೂದಲೆಳೆಗಿಂತ ಎಷ್ಟೋ ಪಾಲು ತೆಳು. ಹಳೇ ಅಭ್ಯಾಸದಂತೆ ಇಟ್ಟಿಗೆ ಪುಡಿ, ಸ್ಯಾಂಡ್ ಪೇಪರ್ ಹಾಕಿ ಒಂದು ಕಡೆ ಲೇಪ ಹೋಯ್ತು ಅಂದ್ರೆ, ಅಲ್ಲಿಂದ ತುಕ್ಕು ಶುರು. ಮಳೆಗಾಲದಲ್ಲಿ ತೆಗೆದ ಪೆಟ್ಟಿಗೆ ಬಿಳಿ ಪಂಚೆಯ ಮೇಲೆ ಕಂದು ಗೆರೆ ಎಳೆಯೋದು ಹೀಗೆ.

ಅಗ್ಗದ ಪೆಟ್ಟಿಗೆಗಳಲ್ಲಿ ಶಾಖ ಕಡಿಮೆ ಮಾಡುವ ಗುಂಡಿಯೂ ಇರಲಿಲ್ಲ. ಬೆರಳು ನೀರಿಗದ್ದಿ ಹನಿ ಚಿಮುಕಿಸಿ, ಸದ್ದು ಕೇಳಿ, ಪ್ಲಗ್ ಕೀಳಬೇಕು. ಹತ್ತಿ ಬಟ್ಟೆ ಇರುವವರೆಗೆ ಇದು ನಡೀತಿತ್ತು. ಹತ್ತಿ ಹೆಚ್ಚು ಕಾದರೆ ಕಂದು ಆಗುತ್ತೆ, ಸುಡುತ್ತೆ, ಆದ್ರೆ ಕರಗಲ್ಲ.

ಕರಗುವ ಬಟ್ಟೆ ಬಂದದ್ದು ಆಮೇಲೆ. ಇಲ್ಲೊಂದು ತಮಾಷೆ ಇದೆ. ಸಿರಿಗೆರೆಯಿಂದ ಕೂಗಳತೆಯ ದಾವಣಗೆರೆಯನ್ನು ಹತ್ತಿ ಗಿರಣಿಗಳಿಂದಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೀತಿದ್ದರು. ಅಸಲಿ ಮ್ಯಾಂಚೆಸ್ಟರಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್, ಹೆಸರೇ ಹೇಳುವಂತೆ ಹತ್ತಿ ಬಟ್ಟೆಗೆ ಅಚ್ಚು ಹಾಕುವ ಕಂಪನಿ. ಅಲ್ಲಿ ಕೆಲಸ ಮಾಡುತ್ತಿದ್ದ ವಿನ್‌ಫೀಲ್ಡ್ ಮತ್ತು ಡಿಕ್ಸನ್ 1941ರಲ್ಲಿ ಪಾಲಿಯೆಸ್ಟರ್ ನೂಲು ಕಂಡುಹಿಡಿದರು. ಟೆರಿಲಿನ್ ಅಂತ ಹೆಸರಾಯ್ತು. ನಮ್ಮಲ್ಲಿ ಅರವತ್ತು-ಎಪ್ಪತ್ತರ ದಶಕದಲ್ಲಿ ಟೆರಿಲಿನ್ ಶರ್ಟು, ಟೆರಿಕಾಟ್ ಪ್ಯಾಂಟು ಅಂದ್ರೆ ಮದುವೆ ಗಂಡಿನ ಗತ್ತು. ಒಗೆದು ಹಾಕಿದ್ರೆ ಸಾಕು, ಇಸ್ತ್ರಿ ಬೇಡ ಅನ್ನೋದೇ ಅದರ ಹೆಚ್ಚುಗಾರಿಕೆ. ಆದ್ರೆ ಇಸ್ತ್ರಿ ಮಾಡದೆ ಬಿಟ್ಟವರು ಯಾರು? ಗೆರೆ ಬೇಕಲ್ಲ!

ನೈಲಾನ್‌ನ ಒಂದು ಬಗೆ 220 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತೆ, ಪಾಲಿಯೆಸ್ಟರ್ 260ರ ಹತ್ತಿರ. ಇಬ್ಬರೂ ಅದಕ್ಕೂ ಮೊದಲೇ ಮೆತ್ತಗಾಗಿ ಅಂಟುತ್ತಾರೆ. ಗುಂಡಿ ಇಲ್ಲದ ಪೆಟ್ಟಿಗೆ ಆ ಮಟ್ಟ ದಾಟೋದು ಕ್ಷಣದ ಮಾತು. ಇದು ಗಂಜಿಯ ಕರೆಯಲ್ಲ. ನೀರಿಗೆ ಕರಗಲ್ಲ, ಹುಣಸೆಗೆ ಜಗ್ಗಲ್ಲ, ಉಪ್ಪಿಗೆ ಬಗ್ಗಲ್ಲ. ಪ್ಲಾಸ್ಟಿಕ್ ಅದು. ಅಜ್ಜಿಯ ಕಾಲದ ಉಪಾಯಗಳೆಲ್ಲ ಒಮ್ಮೆಲೆ ನಿರುಪಯುಕ್ತ ಆಗಿದ್ದು ಇಲ್ಲಿ. ಆಗ ಕೈಗೆ ಬಂದದ್ದು ಬ್ಲೇಡು, ಚಾಕು, ಸ್ಯಾಂಡ್ ಪೇಪರ್. ಕ್ರೋಮ್ ತಳಗಳ ಮೇಲಿನ ಉದ್ದುದ್ದ ಗಾಯಗಳು ಟೆರಿಲಿನ್ ಯುಗದ ಶಾಸನಗಳು ಅನ್ನಬಹುದು. ನಿಜಕ್ಕೂ ಮಾಡಬೇಕಾದದ್ದು ಏನಂದ್ರೆ, ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿ ಅದು ಮೆತ್ತಗಾದಾಗ ಮರದ ಚೂರಿನಿಂದಲೋ ದಪ್ಪ ಹತ್ತಿ ಬಟ್ಟೆಯಿಂದಲೋ ಎತ್ತಿ ತೆಗೆಯೋದು. ಮೇಲಿನ ಪಟ್ಟಿಯ ಮೇಣದಬತ್ತಿ ಇಲ್ಲಿ ಅಲ್ಪಸ್ವಲ್ಪ ಸಹಾಯ ಮಾಡುತ್ತೆ. ಮೇಣವನ್ನು ಹಳೇ ಬಟ್ಟೆಯ ಮೇಲೆ ಪೂರ್ತಿ ಒರೆಸದಿದ್ರೆ ಅಂಗಿಗೆ ಜಿಡ್ಡು ಇಳಿಯುತ್ತೆ.

ಈಗ ಬಟ್ಟೆಯ ಚೀಟಿಯ ಮೇಲೆ ಪೆಟ್ಟಿಗೆಯ ಚಿತ್ರ, ಒಳಗೆ ಚುಕ್ಕಿಗಳು ಇರುತ್ತಲ್ಲ, ಅದು ಈ ತಾಪತ್ರಯದ ಮಗು. ಒಂದು ಚುಕ್ಕಿ 110 ಡಿಗ್ರಿ, ಎರಡು 150, ಮೂರು 200. ಪೆಟ್ಟಿಗೆಯ ಗುಂಡಿಯ ಮೇಲೂ ಅದೇ ಚುಕ್ಕಿಗಳು. ಎಲ್ಲರೂ ನೋಡ್ತೀವಿ, ಓದುವವರು ಕಮ್ಮಿ.

ಜ್ವರದ ಮಾತ್ರೆಯ ಉಪಾಯವೂ ಪ್ಲಾಸ್ಟಿಕ್ ಕಾಲದ್ದೇ. ಕಾದ ತಳಕ್ಕೆ ಪ್ಯಾರಾಸಿಟಮಾಲ್ ಉಜ್ಜಿದರೆ ಅದು ಸುಮಾರು 169 ಡಿಗ್ರಿಗೆ ಕರಗಿ ದ್ರವ ಆಗುತ್ತೆ. ಅದು ಫೀನಾಲ್ ಜಾತಿಯ ವಸ್ತು, ನೈಲಾನ್ ಪಾಲಿಯೆಸ್ಟರುಗಳೆರಡೂ ಕಾದ ಫೀನಾಲಿಗೆ ಕರಗುವಂಥವು. ಹಾಗಾಗಿ ಇದು ಮೂಢನಂಬಿಕೆ ಅಲ್ಲ. ಕೋವಿಡ್ ಸಮಯದಲ್ಲಿ ಮನೆಮಾತಾದ ಡೋಲೊ 650 ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನದು, ಈಗ ಪ್ರತಿ ಮನೆಯಲ್ಲೂ ಒಂದು ಪಟ್ಟಿ ಇದ್ದೇ ಇರುತ್ತೆ. ಅವಧಿ ಮುಗಿದ ಮಾತ್ರೆ ಇದ್ರೆ ಉಜ್ಜಿ, ಬೇಡ ಅನ್ನಲ್ಲ. ಆದ್ರೆ ಕಿಟಕಿ ತೆಗೆದಿಡಿ, ಹೊಗೆ ಕುಡಿಯಬೇಡಿ, ಬೆರಳಲ್ಲಿ ಹಿಡಿಯದೆ ಇಕ್ಕಳದಲ್ಲಿ ಹಿಡಿಯಿರಿ. ಮತ್ತೆ, ಇದು ಬರೀ ಲೋಹದ ತಳಕ್ಕೆ.

ಯಾಕಂದ್ರೆ ಮುಂದಿನ ತಳ ಲೋಹದ್ದಲ್ಲ. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಗ್ಯಾಸ್ ಸಿಲಿಂಡರಿನೊಳಗೆ ಬಿಳಿ ಪುಡಿಯಾಗಿ ಕಂಡ ಟೆಫ್ಲಾನ್, ಐವತ್ತರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಕೈಯಲ್ಲಿ ಬಾಣಲೆಗೆ ಹತ್ತಿತು, ಆಮೇಲೆ ಇಸ್ತ್ರಿ ಪೆಟ್ಟಿಗೆಗೆ. ಈಗ ಅಂಗಡಿಯಲ್ಲಿ ಸಿಗೋ ಹಗುರ ಪೆಟ್ಟಿಗೆಗಳಲ್ಲಿ ಬಹಳಷ್ಟರ ತಳ ಅಲ್ಯೂಮಿನಿಯಂ, ಅದರ ಮೇಲೆ ಟೆಫ್ಲಾನ್ ಅಥವಾ ಸೆರಾಮಿಕ್ ಲೇಪ. ಟೆಫ್ಲಾನಿಗೆ ಯಾವುದೂ ಸುಲಭಕ್ಕೆ ಅಂಟಲ್ಲ. ಆದ್ರೆ ಅದು ಉಗುರಿಗೂ ಗೀರಾಗುವಷ್ಟು ಮೆದು. ಅಜ್ಜಿಯ ಬೂದಿ ಇಲ್ಲಿಗೆ ಬಂದರೆ ಏನಾಗುತ್ತೆ ನೋಡಿ: ಪುಡಿ ಟೆಫ್ಲಾನನ್ನು ಕೆರೆಯುತ್ತೆ, ಕೆರೆದ ಜಾಗದಲ್ಲಿ ಬೂದಿಯ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತೆ. ಹಿತ್ತಾಳೆಗೆ ಅಮೃತವಾಗಿದ್ದೇ ಇಲ್ಲಿ ವಿಷ. ನಮ್ಮ ಸಾಫ್ಟ್‌ವೇರಿನಲ್ಲೂ ಹೀಗೇ, ಹಳೇ ಸಿಸ್ಟಮ್ಮಿಗೆ ಬರೆದ ಸ್ಕ್ರಿಪ್ಟನ್ನು ಹೊಸದರ ಮೇಲೆ ಓಡಿಸಿದ್ರೆ ಎರರ್ ಬಂದ್ರೆ ಪುಣ್ಯ. ಎರರ್ ಬರದೆ ಡೇಟಾ ಹೋಗೋದೇ ಜಾಸ್ತಿ. ಟೂತ್‌ಪೇಸ್ಟೂ ಬೇಡ. ಲೇಪದ ತಳಕ್ಕೆ ಬೇಕಿರೋದು ಉಗುರು ಬೆಚ್ಚಗಿನ ಶಾಖ, ಒದ್ದೆ ಹತ್ತಿ ಬಟ್ಟೆ, ಹೆಚ್ಚಂದ್ರೆ ಒಂದು ಹನಿ ಪಾತ್ರೆ ಸೋಪು. ಅಡುಗೆ ಸೋಡಾ ಹಾಕಲೇಬೇಕು ಅಂದ್ರೆ ನೀರಲ್ಲಿ ಪೂರ್ತಿ ಕರಗಿಸಿ. ಅಂದ್ರೆ ಸುತ್ತಿ ಸುತ್ತಿ ಬಂದು ಇಸ್ತ್ರಿ ಗಾಡಿಯವರ ಒದ್ದೆ ಬಟ್ಟೆಗೇ ನಿಂತೆವು.

ಗಾಡಿಯವರ ಪೆಟ್ಟಿಗೆಯೂ ಬದಲಾಗ್ತಿದೆ. ಬೆಂಗಳೂರಿನಲ್ಲಿ ಹಲವರು ಇದ್ದಿಲು ಬಿಟ್ಟು ಗ್ಯಾಸಿನ ಪೆಟ್ಟಿಗೆ ಹಿಡಿದಿದ್ದಾರೆ. ಬೂದಿ ಇಲ್ಲ, ಕಿಡಿ ಇಲ್ಲ. ನೆರೆಯ ತಿರುವಣ್ಣಾಮಲೈನ ಶಾಲಾ ಹುಡುಗಿ ವಿನಿಶಾ ಉಮಾಶಂಕರ್ ಸೌರಶಕ್ತಿಯ ಇಸ್ತ್ರಿ ಗಾಡಿಯ ವಿನ್ಯಾಸ ಮಾಡಿ 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಮಾತಾಡಿದ್ದು ನಿಮಗೆ ನೆನಪಿರಬಹುದು.

ಮನೆಗಳಿಗೆ ಬಂದಿರೋದು ಉಗಿ ಪೆಟ್ಟಿಗೆ. 1926ರಲ್ಲೇ ನ್ಯೂಯಾರ್ಕಿನಲ್ಲಿ ಮಾರಾಟಕ್ಕೆ ಬಂದಿತ್ತು, ನಮ್ಮ ಊರುಗಳಿಗೆ ಬಂದದ್ದು ನಿಧಾನಕ್ಕೆ. ಬಂದ ಮೇಲೆ ಬಯಲುಸೀಮೆಯ ಬೋರ್‌ವೆಲ್ ನೀರು ಅದನ್ನು ಸುಮ್ಮನೆ ಬಿಡಲಿಲ್ಲ. ನಮ್ಮ ಜಿಲ್ಲೆಯ ಅಂತರ್ಜಲ ಗಡಸು, ಫ್ಲೋರೈಡಿಗೂ ಕುಖ್ಯಾತ. ನೀರು ಉಗಿಯಾಗಿ ಹೋಗುತ್ತೆ, ಸುಣ್ಣ ಉಳಿಯುತ್ತೆ. ತಳದ ತೂತುಗಳಲ್ಲಿ ಬಿಳಿ ಪುಡಿ ಕಟ್ಟಿ, ಒಂದು ದಿನ ಕಪ್ಪು ಪ್ಯಾಂಟಿನ ಮೇಲೆ ಪಿಚಕ್ ಅಂತ ಉಗುಳುತ್ತೆ. ಇಷ್ಟು ವರ್ಷ ಬಿಳಿ ಅಂಗಿಯ ಮೇಲೆ ಕಪ್ಪು ಕಲೆ, ಈಗ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಕಲೆ! ಈ ಕೊಳೆಗೆ ಮತ್ತೆ ಆಮ್ಲವೇ ಬೇಕು. ಹುಣಸೆ ಬೇಡ, ಚರಟ ತೂತಿಗೆ ಸಿಕ್ಕಿಕೊಳ್ಳುತ್ತೆ. ಕಂಪನಿಯವರು ಕೊಟ್ಟ ಪುಸ್ತಕದಲ್ಲಿ ಬೇಡ ಅಂತ ಬರೆದಿಲ್ಲದಿದ್ರೆ, ಒಂದು ಲೋಟ ನೀರಿಗೆ ಅರ್ಧ ಚಮಚ ನಿಂಬೆ ಉಪ್ಪು ಕರಗಿಸಿ ತುಂಬಿ, ಬಚ್ಚಲಲ್ಲಿ ಹಿಡಿದು ಉಗಿ ಬಿಟ್ಟು ಖಾಲಿ ಮಾಡಿ. ಆಮೇಲೆ ಎರಡು ಸಲ ಬರೀ ನೀರು ತುಂಬಿ ಹಾಗೇ ಬಿಡಿ. ಮೊದಲ ಬಟ್ಟೆಯಾಗಿ ಹಳೇ ಟವೆಲ್ ಹಾಕಿ, ಯೂನಿಫಾರಂ ಅಲ್ಲ.